ವಾಗಿ ಮನೆತನದ ರೋಸ್

ರೋಸ್ ಬುತೆಲ್ಲೊ ಅವರ ಪರಿಚಯವಾಗಿದ್ದು ಒಂದು ರವಿಕೆಯ ದೆಸೆಯಿಂದ. ಮಸ್ಕತ್ತಿಗೆ ಬಂದ ಹೊಸದರಲ್ಲಿ ಅಲ್ ಅಜೈಬಾದ ನಮ್ಮ ಮನೆಯ ಸುತ್ತಮುತ್ತ ರವಿಕೆ ಹೊಲಿಯುವವರು ಸಿಗಲಿಲ್ಲ. ಯಾರೋ ಹೇಳಿದರೆಂದು ಮತ್ರಾಕ್ಕೆ ಹೋದೆ. ಅಲ್ಲಿಯ ಹಳೆಯ ಪೇಟೆಯಾದ ಸೂಕಿನ ಓಣಿಯಲ್ಲಿ ಧೂಪದ ಅಂಗಡಿಗಳನ್ನು ದಾಟಿ ಎಡಕ್ಕೆ ತಿರುಗಿದರೆ ಉಳ್ಳಾಲದ ಅದ್ದಾಕನ ಬಟ್ಟೆ ಅಂಗಡಿ. ಅದರ ಹಿಂಬದಿಯಲ್ಲಿ, ಬಟ್ಟೆಯ ಥಾನುಗಳ ನಡುವೆ ಉಳಿದಿದ್ದ ಚೂರು ಜಾಗದಲ್ಲಿ ಕೂತು, ಒಮಾನಿ ಹೆಂಗಸರ ಅಂಗಿಯ ಕತ್ತಿಗೆ ಬೆಳ್ಳಿದಾರದ ಕಸೂತಿ ಹಾಕುತ್ತಿದ್ದರು ರೋಸ್. ನಾನು ಎರಡು ಮಾತು ಆಡುವಷ್ಟರಲ್ಲೇ ತಲೆಯೆತ್ತಿದರು.

"ಮೈಸೂರಿನವರಾ? ನಿಮ್ಮ ಕನ್ನಡ ಕೇಳ್ಲಿಕ್ಕೆ ಚಂದ ಉಂಟು, ನೀರಜಾ. ರೇಡಿಯೋದವರ ಹಾಗೆ."

ನನ್ನ ಹೆಸರನ್ನು ಅದ್ದಾಕನ ರಸೀತಿಯಲ್ಲಿ ಓದಿಕೊಂಡಿದ್ದರು. ಅಳತೆ ತೆಗೆದುಕೊಳ್ಳುವಾಗ ಮಾತು ಶುರುವಾಯಿತು. ರವಿಕೆ ತರಲು ಹೋದಾಗ ಮುಂದುವರಿಯಿತು. ಆಮೇಲೆ ಹೊಲಿಸಲು ಏನೂ ಇಲ್ಲದಿದ್ದರೂ ನಾನು ಮತ್ರಾಕ್ಕೆ ಹೋಗತೊಡಗಿದೆ, ಅವರು ಶುಕ್ರವಾರಗಳಲ್ಲಿ ನಮ್ಮ ಮನೆಗೆ ಬರತೊಡಗಿದರು. ಇಲ್ಲಿ ಶುಕ್ರವಾರವೇ ಭಾನುವಾರ. ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಬಸ್ಸು ಹಿಡಿದು ಊಟದ ಹೊತ್ತಿಗೆ ಬಂದುಬಿಡುತ್ತಿದ್ದರು. ಚರ್ಚು ಅಂದರೆ ಅವರಿಗೆ ಯಾಕೋ ಕಚೇರಿಯಂತೆ ಕೇಳಿಸುತ್ತದೆ, ಇಗರ್ಜಿ ಅಂತಲೇ ಹೇಳಬೇಕು.

ರೋಸ್ ಒಮಾನ್‌ಗೆ ಬಂದದ್ದು ಗಂಡನ ಹಿಂದೆ. ಗಂಡ ಸೊಹಾರ್‌ನಲ್ಲಿ ಒಂದು ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದರು. ಕಾಯಿಲೆಯಾಗಿ ತೀರಿಕೊಂಡ ಮೇಲೆ ಎಲ್ಲರೂ ಊರಿಗೆ ಹೋಗು ಅಂದರು. "ಯಾವ ಊರಿಗೆ?" ಅಂತ ರೋಸ್ ಕೇಳಿದರು. ಮಕ್ಕಳಿರಲಿಲ್ಲ. ಕಸೂತಿ ಗೊತ್ತಿತ್ತು. ಅದ್ದಾಕ ಜಾಗ ಕೊಟ್ಟರು, ಇಲ್ಲೇ ಉಳಿದರು.

ಯಾವ ಊರಿಗೆ ಅನ್ನುವುದು ಅವರ ಪಾಲಿಗೆ ಬಾಲ್ಯದಿಂದಲೂ ಬಂದ ಪ್ರಶ್ನೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಹೊಸಬರನ್ನು ಕಂಡರೆ ಮೊದಲು ಕೇಳುವುದು ಎರಡೇ ಮಾತು: ಇಗರ್ಜಿ ಯಾವುದು, ಮನೆ ಯಾವುದು. ಅದು ತಿಳಿದರೆ ನಿಮ್ಮ ಅಜ್ಜನ ತಮ್ಮ ಯಾರ ಮಗಳನ್ನು ಮದುವೆಯಾದ ಅನ್ನುವವರೆಗೆ ಅವರೇ ಬಿಡಿಸಿ ಹೇಳಬಲ್ಲರು. ರೋಸ್ ಅವರ ಹತ್ತಿರ ಎರಡೂ ಇರಲಿಲ್ಲ. ಅವರ ಅಪ್ಪ ಲಾದ್ರು, ಅಜ್ಜ ಬಸ್ತ್ಯಾಂವ್, ಇಬ್ಬರೂ ಇಗರ್ಜಿಯ ಹಬ್ಬಗಳಲ್ಲಿ ಮಾರುವವರು. ಎರಡು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಒಂದು ಇಗರ್ಜಿಯ ಹಬ್ಬದಿಂದ ಇನ್ನೊಂದರ ಹಬ್ಬಕ್ಕೆ ಹೋಗುತ್ತಿದ್ದ ಕುಟುಂಬ. ಒಂದು ಪೆಟ್ಟಿಗೆಯಲ್ಲಿ ಮೇಣದಬತ್ತಿ, ಜಪಸರ, ಸಂತರ ಚಿತ್ರಗಳು, ಹರಕೆಗೆ ಒಪ್ಪಿಸುವ ಮೇಣದ ಕೈಕಾಲು. ಇನ್ನೊಂದರಲ್ಲಿ ಸಕ್ಕರೆ ಗೊಂಬೆ ಎರೆಯುವ ಮರದ ಅಚ್ಚುಗಳು. ಮಳೆಗಾಲದಲ್ಲಿ ಹಬ್ಬಗಳಿಲ್ಲ. ಆಗ ಯಾರದೋ ಕೊಟ್ಟಿಗೆಯ ಪಕ್ಕ ಸೂರು ಇಳಿಸಿಕೊಂಡು, ಬಾಚಣಿಗೆ, ಸೂಜಿ, ರಿಬ್ಬನ್ನು ಹಿಡಿದು ಮನೆಮನೆ ತಿರುಗುತ್ತಿದ್ದರು.

"ಅಪ್ಪ ಸಕ್ಕರೆ ಪಾಕ ಎತ್ತುವಾಗ ನಾನು ಹತ್ತಿರ ಕೂತ್ಕೊಳ್ತಿದ್ದೆ" ಎಂದು ಒಂದು ಶುಕ್ರವಾರ ಊಟದ ನಂತರ ಹೇಳಿದ್ದರು. "ಗಿಳಿ, ಕುದುರೆ, ಮೀನು. ಕುದುರೆಯ ಕಾಲು ಮುರಿದ್ರೆ ಅದು ನನಗೆ. ಕೆಲವೊಮ್ಮೆ ಅಪ್ಪ ಬೇಕಂತಲೇ ಮುರೀತಿದ್ರು ಅಂತ ಕಾಣ್ತದೆ. ಮಲಗ್ಲಿಕ್ಕೆ ಅಂಗಡಿಯ ಹಲಗೆಯ ಅಡಿ. ಮೇಲೆ ಪೆಟ್ರೋಮ್ಯಾಕ್ಸ್ ಸುಯ್ ಅಂತ ಉರೀತಿತ್ತು. ಬ್ಯಾಂಡಿನವರು ಬಾರಿಸ್ತಿದ್ರು. ಜನರ ಕಾಲು ಮಾತ್ರ ಕಾಣ್ತಿತ್ತು. ನನಗೆ ಗೊತ್ತಿದ್ದ ಊರುಗಳೆಲ್ಲ ಕಾಲಿನಷ್ಟೆತ್ತರ."

ರೋಸ್ ದೊಡ್ಡವರಾಗುವ ಹೊತ್ತಿಗೆ ಅಪ್ಪ ಮಂಗಳೂರಿನ ಬಂದರಿನ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದು ಅವರನ್ನು ಶಾಲೆಗೆ ಸೇರಿಸಿದರು. ತಿರುಗಾಟ ಅಲ್ಲಿಗೆ ನಿಂತಿತು. ನಿಮ್ಮ ಇಗರ್ಜಿ ಯಾವುದು ಎಂದು ಯಾರಾದರೂ ಕೇಳಿದರೆ ಲಾದ್ರು ನಗುತ್ತಾ, "ಹಬ್ಬ ಎಲ್ಲಿಯೋ ಅದೇ" ಎನ್ನುತ್ತಿದ್ದರಂತೆ. ಅಪ್ಪನಿಗಿದ್ದ ಆ ನಗು ಮಗಳಿಗೆ ಬರಲಿಲ್ಲ.

ಎರಡು ವರ್ಷದ ಹಿಂದೆ ಇಲ್ಲಿಯ ಕೊಂಕಣಿ ಬಳಗದವರು ತಮ್ಮ ವಾರ್ಷಿಕೋತ್ಸವಕ್ಕೆ ಒಂದು ಯೋಚನೆ ಮಾಡಿದರು. ಪ್ರತಿ ಕುಟುಂಬವೂ ತನ್ನ ವಂಶವೃಕ್ಷ ಬರೆದು ತರಬೇಕು, ಮೂಲದ ಮನೆಯ ಹೆಸರಿನ ಸಮೇತ. ಸಭಾಂಗಣದ ಗೋಡೆಗೆ ತೂಗುಹಾಕುವುದು. ರೋಸ್ ಆ ಸುದ್ದಿಯನ್ನು ಮೊಸರನ್ನ ಕಲಸುತ್ತಾ ಹೇಳಿದರು. ತಟ್ಟೆ ತೊಳೆದಿಟ್ಟು ಬಂದು ನನ್ನ ಮುಂದೆ ಕೂತರು.

"ನನ್ನ ಅಪ್ಪನಿಗೆ ಹುಟ್ಟಿದಾಗ ಯಾವುದೋ ಇಗರ್ಜಿಯಲ್ಲಿ ಜ್ಞಾನಸ್ನಾನ ಆಗಿರ್ಬೇಕಲ್ಲ, ನೀರಜಾ. ಅಲ್ಲಿಯ ಪುಸ್ತಕದಲ್ಲಿ ಬರೆದಿರ್ಬೇಕಲ್ಲ."

ಅಪ್ಪನ ಮದುವೆ ಕಾಗದದಲ್ಲಿ ಜ್ಞಾನಸ್ನಾನ ಆದ ಇಗರ್ಜಿಯ ಹೆಸರು ಇತ್ತು: ನೀರಬೆಟ್ಟು, ಸಾವಿರದ ಒಂಬೈನೂರ ಮೂವತ್ತೆಂಟು. ನಾವು ಅಲ್ಲಿಯ ಕಚೇರಿಗೆ ಬರೆದೆವು. ಕೆಲವು ವಾರ ಕಳೆದು ರೋಸ್ ಅವರ ಮೊಬೈಲಿಗೆ ಒಂದು ಚಿತ್ರ ಬಂತು. ಕಂದಿದ ಹಾಳೆ, ನೀಲಿ ಶಾಯಿ, ಬಳ್ಳಿಯಂಥ ಅಕ್ಷರ, ಎಲ್ಲ ಲ್ಯಾಟಿನ್‌ನಲ್ಲಿ. ನನ್ನ ಮಗಳು ಆಶಿತಾ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕೊಟ್ಟಳು. ಹೆಸರುಗಳನ್ನು ಓದಲು ಕಷ್ಟವಾಗಲಿಲ್ಲ. ಮಗು ಲಾಜರುಸ್, ಅಂದರೆ ಲಾದ್ರು. ತಂದೆ ಸೆಬಾಸ್ತಿಯಾನುಸ್, ಅಂದರೆ ಅಜ್ಜ ಬಸ್ತ್ಯಾಂವ್; ತಾಯಿ ಮೋನಿಕಾ. ಬೇರೆಯವರಿಗೆಲ್ಲ ಮನೆಯ ಹೆಸರು ಬರೆದಿದ್ದ ಜಾಗದಲ್ಲಿ ಇವರಿಗೂ ಒಂದು ಶಬ್ದವಿತ್ತು. ವಾಗಿ.

ರೋಸ್ ಅದರ ಮೇಲೆ ಬೆರಳಿಟ್ಟರು. "ವಾಗಿ" ಎಂದು ಓದಿದರು. ಇನ್ನೊಮ್ಮೆ ಓದಿದರು. "ಇತ್ತು ನೋಡಿ. ನಮಗೂ ಒಂದು ಮನೆ ಇತ್ತು."

ಆ ದಿನಗಳಲ್ಲಿ ಅವರನ್ನು ನೋಡುವುದೇ ಒಂದು ಚಂದ. ಅದ್ದಾಕನ ಅಂಗಡಿಗೆ ಬಂದ ಕರಾವಳಿಯವರನ್ನೆಲ್ಲ ನಿಲ್ಲಿಸಿ ವಾಗಿ ಅನ್ನುವ ಜಾಗ ಎಲ್ಲಿ ಎಂದು ಕೇಳುತ್ತಿದ್ದರು. ಅದ್ದಾಕ ನಕ್ಷೆ ತೆಗೆದು ನೇತ್ರಾವತಿಯ ಎರಡೂ ದಡ ಹುಡುಕಿದರು. "ಬೈಲಿನ ಹೆಸರಿರಬಹುದು. ಹಳೆಯ ಹೆಸರುಗಳೆಲ್ಲ ಹೋದವಲ್ಲ" ಎಂದು ಸಮಾಧಾನ ಹೇಳಿದರು. ವಂಶವೃಕ್ಷವನ್ನು ಎಲ್ಲರೂ ಕಾಗದದ ಮೇಲೆ ಬರೆಸಿದರೆ ರೋಸ್ ಬಟ್ಟೆಯ ಮೇಲೆ ಕಸೂತಿ ಹಾಕಿದರು. ಕಡುಹಸಿರು ಬಟ್ಟೆ, ಬೆಳ್ಳಿದಾರ, ಅಂಚಿಗೆ ಒಮಾನಿ ಅಂಗಿಯ ಕತ್ತಿನ ಬಳ್ಳಿ. ಕೊಂಬೆಗಳು ಹೆಚ್ಚೇನೂ ಇರಲಿಲ್ಲ. ಅಜ್ಜ ಅಜ್ಜಿ, ಅಪ್ಪ ಅಮ್ಮ, ತಾನು. ಬೇರಿನ ಜಾಗದಲ್ಲಿ ದೊಡ್ಡದಾಗಿ, ಕನ್ನಡದಲ್ಲಿ: ವಾಗಿ ಮನೆತನ.

ವಾರ್ಷಿಕೋತ್ಸವದ ದಿನ ನಾನೂ ಹೋಗಿದ್ದೆ. ಗೋಡೆಯ ತುಂಬ ಮರಗಳು. ಎಲ್ಲರೂ ರೋಸ್ ಅವರ ಬಟ್ಟೆಯ ಮುಂದೆ ನಿಂತು ಮುಟ್ಟಿ ನೋಡುತ್ತಿದ್ದರು. ಇಗರ್ಜಿಯ ಫಾದರ್ ಕೂಡ ಬಂದರು. ವಯಸ್ಸಾದವರು, ಗೋವಾ ಕಡೆಯವರು. ಬಹಳ ಹೊತ್ತು ನಿಂತರು. ಕಾರ್ಯಕ್ರಮ ಮುಗಿದ ಮೇಲೆ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಮಾತಾಡಿದರು.

"ಆ ಶಬ್ದ ಎಲ್ಲಿ ಸಿಕ್ಕಿತು, ರೋಸ್?"

ರೋಸ್ ಮೊಬೈಲಿನ ಚಿತ್ರ ತೋರಿಸಿದರು. ಫಾದರ್ ಕನ್ನಡಕ ಹಾಕಿಕೊಂಡು ಓದಿ, ಮೊಬೈಲನ್ನು ಮೆಲ್ಲಗೆ ವಾಪಸು ಕೊಟ್ಟರು.

"ಇದು ಮನೆಯ ಹೆಸರಲ್ಲ. ಲ್ಯಾಟಿನ್ ಶಬ್ದ. ವಾಗಿ ಎಂದರೆ ನೆಲೆಯಿಲ್ಲದೆ ತಿರುಗುವವರು. ಯಾವ ಇಗರ್ಜಿಗೂ ಸೇರದವರು ಬಂದರೆ ಹಳೆಯ ಪಾದ್ರಿಗಳು ಹಾಗೆ ಬರೆಯುತ್ತಿದ್ದರು." ಆಮೇಲೆ ಸೇರಿಸಿದರು, "ಇದು ಬೈಗುಳವಲ್ಲ. ಅಂಥವರು ಯಾವ ಊರಿನಲ್ಲಿ ಇಳಿದಿದ್ದಾರೋ ಆ ಊರಿನ ಪಾದ್ರಿಯೇ ಅವರಿಗೆ ಪಾದ್ರಿ ಎಂದು ನಿಯಮವೇ ಇದೆ."

ರೋಸ್ ತಲೆಯಾಡಿಸಿದರು. ಚಹಾ ಪೂರ್ತಿ ಕುಡಿದರು. ಸಭಾಂಗಣಕ್ಕೆ ಹೋಗಿ ಬಟ್ಟೆಯನ್ನು ಕೆಳಗಿಳಿಸಿ ಮಡಿಸಿ ಚೀಲದಲ್ಲಿಟ್ಟುಕೊಂಡರು. ನಾನು ಅವರನ್ನು ಕಾರಿನಲ್ಲಿ ಮತ್ರಾದವರೆಗೆ ಬಿಟ್ಟೆ. ಇಳಿಯುವಾಗ, "ಆ ಪದವನ್ನು ನಾನು ಎಷ್ಟು ಜನರಿಗೆ ಹೇಳಿಬಿಟ್ಟೆ" ಎಂದರು.

ಅದಾದ ಮೇಲೆ ಕೆಲವು ಶುಕ್ರವಾರ ಅವರು ಬರಲಿಲ್ಲ. ನಾನೇ ಅಂಗಡಿಗೆ ಹೋದೆ. ರೋಸ್ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಫಾದರ್ ಹೇಳಿದ್ದು ಆಗಲೇ ತಿಳಿದಿದ್ದ ಅದ್ದಾಕ ನನಗೆ ಸ್ಟೂಲು ಕೊಟ್ಟು, ಅವರಿಗೂ ಕೇಳಿಸಲೆಂದೇ ಗಟ್ಟಿಯಾಗಿ ಮಾತು ತೆಗೆದರು.

"ನನ್ನ ಅಜ್ಜಿ ಅವ್ವಮ್ಮ ಹೇಳ್ತಿದ್ದಳು. ಅಜ್ಜ ಒಣಮೀನಿನ ಗಂಟು ತಲೆ ಮೇಲಿಟ್ಟು ಘಟ್ಟ ಹತ್ತಿದ್ರೆ, ಮಕ್ಕಳು ಅಪ್ಪನ ಮುಖ ಮರೀತಿದ್ದರಂತೆ. ಬಂದಾಗ ವಾಸನೆಯಿಂದ ಗುರುತು ಹಿಡೀತಿದ್ದರು. ಈಗ ನಾನು. ಇಲ್ಲಿ ನನಗೆ ಹೊಣೆ ನಿಂತ ಒಮಾನಿ ಕಫೀಲನ ಹೆಸರಿನಲ್ಲಿ ಅಂಗಡಿ, ಇರ್ಲಿಕ್ಕೆ ಎರಡು ವರ್ಷಕ್ಕೊಮ್ಮೆ ಹೊಸ ಕಾರ್ಡು. ಕಾರ್ಡು ಮುಗಿದ್ರೆ ಖಲಾಸ್. ಇಲ್ಲಿ ಕೂತವರಲ್ಲಿ ವಾಗಿ ಅಲ್ಲದವರು ಯಾರು ಹೇಳಿ?"

ರೋಸ್ ನಗಲಿಲ್ಲ. ಆದರೆ ಸೂಜಿ ನಿಂತಿತು.

ಮುಂದಿನ ಶುಕ್ರವಾರ ಊಟಕ್ಕೆ ಬಂದರು. ಕೂರುವ ಮೊದಲೇ ಹೇಳಿದರು, "ನಾವು ಹುಡುಕಿದ್ದು ತಪ್ಪು ದಾರಿಯಲ್ಲಿ. ಮನೆ ಇಲ್ಲದವರನ್ನು ಮನೆಯಲ್ಲಿ ಹುಡುಕಿದೆವು. ಅಪ್ಪ ಹುಟ್ಟಿದ್ದು ಜನವರಿ ಕೊನೆಗೆ. ನೀರಬೆಟ್ಟಿನ ಹಬ್ಬ ಆವಾಗಲೇ. ಅಂದ್ರೆ ಅಜ್ಜಿ ಹಬ್ಬಕ್ಕೆ ಹೋದಲ್ಲೇ ಹೆತ್ತದ್ದು. ನಮ್ಮ ಉಳಿದವರ ಹೆಸರೂ ಹಬ್ಬದ ಊರುಗಳಲ್ಲೇ ಇರ್ಬೇಕಲ್ಲ?"

ಆಮೇಲೆ ಕಣ್ಣು ಮುಚ್ಚಿ ಹಬ್ಬಗಳ ಹೆಸರು ಹೇಳತೊಡಗಿದರು. ಮಳೆ ನಿಂತ ಮೇಲೆ ಮೊದಲು ಯಾವ ಊರು, ಆಮೇಲೆ ಯಾವುದು, ಯಾವ ಹೊಳೆ ದಾಟಬೇಕು, ಎಲ್ಲಿ ಸಕ್ಕರೆ ಗೊಂಬೆ ಹೆಚ್ಚು ಹೋಗುತ್ತದೆ, ಎಲ್ಲಿ ಮೇಣದ ಕೈಕಾಲು. ಚಿಕ್ಕಂದಿನಲ್ಲಿ ಕಾಲ್ನಡಿಗೆಯಲ್ಲಿ ಕಲಿತದ್ದು. ಮಗ್ಗಿಯಂತೆ ಬಂತು. ನಾನು ಬರೆದುಕೊಂಡೆ. ಫಾದರ್ ಪ್ರತಿ ಇಗರ್ಜಿಗೂ ಒಂದು ಶಿಫಾರಸು ಪತ್ರ ಕೊಟ್ಟರು.

ಉತ್ತರಗಳು ಬರಲು ಬೇಸಿಗೆ ಪೂರ್ತಿ ಹಿಡಿಯಿತು. ಕೆಲವರು ಬರೆಯಲೇ ಇಲ್ಲ. ಒಂದು ಕಡೆ ಪುಸ್ತಕ ಗೆದ್ದಲು ತಿಂದಿತ್ತು. ಇನ್ನೊಂದು ಕಡೆ ಅಪ್ಪನ ಅಣ್ಣನೊಬ್ಬ ಸಿಕ್ಕಿದ, ಹುಟ್ಟಿ ಕೆಲವೇ ದಿನಕ್ಕೆ ತೀರಿಕೊಂಡವನು. ಹೊರಗೆ ಬಿಸಿಲಿಗೆ ರಸ್ತೆಯೇ ಕರಗುವಂತಿದ್ದ ಒಂದು ಮಧ್ಯಾಹ್ನ ಕುಂಟಲ್‌ಪಾದೆ ಅನ್ನುವ ಊರಿನಿಂದ ಎರಡು ಚಿತ್ರ ಬಂದವು. ರೋಸ್ ಅವುಗಳನ್ನು ಹಿಡಿದುಕೊಂಡು ನೇರವಾಗಿ ಫಾದರ್ ಹತ್ತಿರ ಹೋದರು. ಕಾರು ಓಡಿಸಿದವಳು ನಾನು.

ಮೊದಲನೆಯದು ಸತ್ತವರ ಪುಸ್ತಕದ ಹಾಳೆ. ಫಾದರ್ ಓದುತ್ತಾ ಹೇಳಿದರು: "ನಲವತ್ನಾಲ್ಕನೇ ಇಸವಿ, ಡಿಸೆಂಬರ್. ಮೋನಿಕಾ, ಸೆಬಾಸ್ತಿಯಾನನ ಹೆಂಡತಿ. ವಾಗಿ. ಹೆರಿಗೆಯಲ್ಲಿ ತೀರಿಕೊಂಡಳು. ಇಗರ್ಜಿಯ ಹಿಂದಿನ ಭೂಮಿಯಲ್ಲಿ ಸಮಾಧಿ."

ಎರಡನೆಯದು ಜ್ಞಾನಸ್ನಾನದ ಹಾಳೆ, ಅದೇ ವಾರದ್ದು. "ಹೆಣ್ಣು ಮಗು. ನತಾಲಿಯಾ ಎಂದು ಹೆಸರು, ಕ್ರಿಸ್ಮಸ್ ಹೊತ್ತಿನಲ್ಲಿ ಹುಟ್ಟಿದ್ದಕ್ಕೆ ಇರಬೇಕು. ತಂದೆಗೆ ದಾರಿಯಲ್ಲಿ ಮಗುವನ್ನು ಸಾಕಲು ಆಗದ್ದರಿಂದ ಕನ್ಯಾಸ್ತ್ರೀಯರಿಗೆ ಒಪ್ಪಿಸಲಾಗಿದೆ."

ರೋಸ್ ಕುರ್ಚಿಯ ಕೈ ಹಿಡಿದುಕೊಂಡರು. "ಅಪ್ಪನಿಗೆ ತಂಗಿ ಇದ್ದಳಾ?"

"ಇನ್ನೂ ಇದೆ" ಎಂದರು ಫಾದರ್. ಹಾಳೆಯ ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಒಂದು ಸಾಲು ಇತ್ತು. ನಮ್ಮಲ್ಲಿ ಯಾರಿಗಾದರೂ ಮದುವೆಯಾದರೆ ಜ್ಞಾನಸ್ನಾನ ಆದ ಇಗರ್ಜಿಗೆ ತಿಳಿಸಬೇಕು, ಅಲ್ಲಿ ಅಂಚಿನಲ್ಲಿ ಬರೆದಿಡುತ್ತಾರೆ ಎಂದು ವಿವರಿಸಿದರು. ನತಾಲಿಯಾಗೆ ಅರವತ್ತಾರರಲ್ಲಿ ಮದುವೆಯಾಗಿತ್ತು. ಮದುವೆ ನಡೆದ ಇಗರ್ಜಿಯ ಹೆಸರೂ ಇತ್ತು.

ಅಂದು ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ರೋಸ್ ತಮಗೇ ಹೇಳಿಕೊಳ್ಳುವಂತೆ ಹೇಳಿದ್ದು ನನಗೆ ಮರೆತಿಲ್ಲ. ಪ್ರತಿ ವರ್ಷ ಕುಂಟಲ್‌ಪಾದೆಯ ಹಬ್ಬದಲ್ಲಿ ಅಪ್ಪ ಅಂಗಡಿಯನ್ನು ಅಮ್ಮನಿಗೆ ಬಿಟ್ಟು ಇಗರ್ಜಿಯ ಹಿಂದಕ್ಕೆ ಹೋಗುತ್ತಿದ್ದರಂತೆ. ಬರುವಾಗ ಮೊಣಕಾಲಲ್ಲಿ ಮಣ್ಣು. ಅಲ್ಲಿಯ ಅನಾಥಾಲಯದ ಹುಡುಗಿಯರು ಸಾಲಾಗಿ ಬಂದರೆ ಎಲ್ಲರಿಗೂ ಒಂದೊಂದು ಸಕ್ಕರೆ ಗಿಳಿ. ಬೇರೆ ಯಾವ ಊರಿನಲ್ಲೂ ಅಪ್ಪ ಹಾಗೆ ಸುಮ್ಮನೆ ಕೊಟ್ಟವರಲ್ಲ. "ನಾನು ಒಮ್ಮೆ ಜಗಳ ಮಾಡಿದ್ದೆ, ಅವರಿಗೆ ಇಡೀ ಗಿಳಿ, ನನಗೆ ಮುರಿದ ಕುದುರೆ ಯಾಕೆ ಅಂತ. ನಾನು ಹುಟ್ಟುವ ಹೊತ್ತಿಗೆ ತಂಗಿಗೆ ಮದುವೆಯಾಗಿ ಹೋಗಿಯೂ ಆಗಿತ್ತು. ಅಪ್ಪನಿಗೆ ಅದು ಗೊತ್ತಿತ್ತಾ, ಇಲ್ಲವಾ?"

ಲಾದ್ರು ತೀರಿಹೋಗಿ ಬಹಳ ಕಾಲವಾಗಿತ್ತು.

ಮದುವೆಯ ಇಗರ್ಜಿಯಿಂದ ಉತ್ತರ ಬೇಗ ಬಂತು, ಫೋನಿನಲ್ಲೇ. ನತಾಲಿಯಾ, ಈಗ ಎಲ್ಲರೂ ಕರೆಯುವ ನತಾಲ್ ಬಾಯಿ, ಬದುಕಿದ್ದಾರೆ. ಎಂಬತ್ತರ ಹತ್ತಿರ. ಮಗಳು ಅಳಿಯ ನಡೆಸುವ ಬೇಕರಿಯ ಮೇಲಿನ ಮನೆಯಲ್ಲಿದ್ದಾರೆ. ಭಾನುವಾರದ ಪೂಜೆಗೆ ಮೊದಲ ಬೆಂಚಿನಲ್ಲಿ ಕೂತು, ಪಾದ್ರಿ ಪ್ರಸಂಗ ಉದ್ದ ಮಾಡಿದರೆ ಕೆಮ್ಮುತ್ತಾರೆ.

ಡಿಸೆಂಬರಿನಲ್ಲಿ ರಜೆ ಹಾಕಿ ರೋಸ್ ಊರಿಗೆ ಹೋದರು. ನಾನು ಹೋಗಿರಲಿಲ್ಲ. ಅಲ್ಲಿ ನಡೆದದ್ದನ್ನು ಅವರು ಬಂದು ಹೇಳಿದಂತೆ ಹೇಳುತ್ತೇನೆ.

ಬೇಕರಿಯಲ್ಲಿ ಹಬ್ಬದ ಕೇಕಿನ ಗದ್ದಲ. ಮೇಲಿನ ಮನೆಯ ನಡುಕೋಣೆಯಲ್ಲೂ ದ್ರಾಕ್ಷಿ, ಗೋಡಂಬಿಯ ತಟ್ಟೆಗಳು. ನತಾಲ್ ಬಾಯಿ ಕಿಟಕಿಯ ಹತ್ತಿರ ಕೂತು ಬಾದಾಮಿಯ ಸಿಪ್ಪೆ ಸುಲಿಯುತ್ತಿದ್ದರು. ಚಿಕ್ಕ ಮೈ, ದೊಡ್ಡ ಕಿವಿ. ಆ ಕಿವಿ ಕಂಡ ಕೂಡಲೇ ರೋಸ್ ಅವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಅಪ್ಪನ ಕಿವಿ.

ನತಾಲ್ ಬಾಯಿ ಅಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಕೂತುಕೋ ಎಂದರು. ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಕೈ ಮಾತ್ರ ಬಾದಾಮಿ ಸುಲಿಯುತ್ತಲೇ ಇತ್ತು.

"ಮೇಣದಬತ್ತಿ ಮಾರುವವರ ಮಗು ಅಂತ ಮದರ್ ಹೇಳಿದ್ದರು. ಅಷ್ಟೇ ಗೊತ್ತು. ಬಿಟ್ಟು ಹೋದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ ಅಂತ ಅಂದುಕೊಂಡೆ. ಎಂಬತ್ತು ವರ್ಷ ಹಾಗೆಯೇ ಅಂದುಕೊಂಡು ಆಯಿತು."

"ಬರುತ್ತಿದ್ದರು, ಮಾವ್ಶಿ" ಎಂದರು ರೋಸ್. "ಅಜ್ಜನೂ ಅಪ್ಪನೂ ಪ್ರತಿ ವರ್ಷ ಹಬ್ಬಕ್ಕೆ ಬರುತ್ತಿದ್ದರು. ಸಕ್ಕರೆ ಗಿಳಿ ಕೊಡುತ್ತಿದ್ದರಲ್ಲ, ಅನಾಥಾಲಯದ ಮಕ್ಕಳಿಗೆ?"

ಸುಲಿಯುವ ಕೈ ನಿಂತಿತು.

"ಗಿಳಿ ಕೊಡುವವ ಒಬ್ಬ ಮುದುಕ ಇದ್ದ. ಕುಂಟುತ್ತಿದ್ದ."

"ಅಜ್ಜನ ಬಲಗಾಲು ಕುಂಟು ಅಂತ ಅಪ್ಪ ಹೇಳುತ್ತಿದ್ದರು."

ನತಾಲ್ ಬಾಯಿ ಬಾದಾಮಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಕೆಳಗೆ ಯಾರೋ ಕೇಕಿನ ಡಬ್ಬ ಕೇಳುತ್ತಿದ್ದರು. ಆಮೇಲೆ ಹೇಳಿದರು:

"ಗಿಳಿ ಎಲ್ಲರಿಗೂ ಕೊಡುತ್ತಿದ್ದ. ನನ್ನ ಸರದಿ ಬಂದಾಗ ಮಾತ್ರ, ಮಗು ನಿನ್ನ ಹೆಸರೇನು ಅಂತ ಕೇಳುತ್ತಿದ್ದ. ನಾನು ನತಾಲ್ ಅನ್ನುತ್ತಿದ್ದೆ. ಹೌದಾ, ಚಂದದ ಹೆಸರು ಅನ್ನುತ್ತಿದ್ದ. ಮುಂದಿನ ವರ್ಷ ಬಂದು ಮತ್ತೆ ಅದನ್ನೇ ಕೇಳುತ್ತಿದ್ದ. ಹುಡುಗಿಯರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಈ ಮುದುಕನಿಗೆ ಏನೂ ನೆನಪಿರುವುದಿಲ್ಲ ಅಂತ. ಒಂದು ವರ್ಷ ಸಿಟ್ಟು ಬಂದು ಹೇಳಲೇ ಇಲ್ಲ. ಆವತ್ತು ಅವನು ಸಾಲು ಮುಗಿದ ಮೇಲೂ ಗೇಟಿನ ಹತ್ತಿರ ನಿಂತಿದ್ದ. ಕೊನೆಗೆ ನಾನೇ ಓಡಿ ಹೋಗಿ ಹೇಳಿ ಬಂದೆ."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಮಗಳು ಗಾಬರಿಯಾಗಿ ಬಂದಳು. "ಏನಿಲ್ಲ" ಎಂದರು ನತಾಲ್ ಬಾಯಿ. "ನನ್ನ ಅಪ್ಪನನ್ನು ನಾನು ನೋಡಿದ್ದೇನಂತೆ. ಅದೇ ಮಾತಾಡುತ್ತಿದ್ದೆವು."

ಮರುದಿನ ಅತ್ತೆ ಸೊಸೆ ಕುಂಟಲ್‌ಪಾದೆಗೆ ಹೋದರು. ಮಾವ್ಶಿ ಅಂತ ರೋಸ್ ಬಾಯಿತಪ್ಪಿ ಕರೆದದ್ದನ್ನು ಅಷ್ಟರಲ್ಲಿ ನತಾಲ್ ಬಾಯಿಯೇ ತಿದ್ದಿದ್ದರು: ಅಪ್ಪನ ತಂಗಿ ಮಾವ್ಶಿ ಆಗುವುದಿಲ್ಲ, ಆಕಯ್ ಅನ್ನಬೇಕು. ಇಗರ್ಜಿ ಹೊಸದಾಗಿ ಕಟ್ಟಿದ್ದು. ಹಿಂದಿನ ಭೂಮಿಯಲ್ಲಿ ಹಳೆಯ ಗೋರಿಗಳ ಗುರುತು ಉಳಿದಿರಲಿಲ್ಲ. ಮೋನಿಕಾ ಎಲ್ಲಿ ಮಲಗಿದ್ದಾಳೆಂದು ಹೇಳುವವರಿಲ್ಲ. ಒಂದು ಹಲಸಿನ ಮರದ ಕೆಳಗೆ ನಿಂತು, ಇಬ್ಬರೂ ಒಂದಿಷ್ಟು ಮೇಣದಬತ್ತಿ ಹಚ್ಚಿ, ಗಾಳಿಗೆ ಆರಿದ್ದನ್ನು ಮತ್ತೆ ಹಚ್ಚುತ್ತಾ, ಸಂಜೆಯವರೆಗೆ ಕೂತರು.

"ಅಪ್ಪ ಮೊಣಕಾಲೂರುತ್ತಿದ್ದದ್ದು ಯಾವ ಜಾಗದಲ್ಲಿ ಅಂತ ನಾನು ಚಿಕ್ಕವಳಿದ್ದಾಗ ಹಿಂದೆ ಹೋಗಿ ನೋಡಿದ್ದರೆ ಆಗುತ್ತಿತ್ತು" ಎಂದು ರೋಸ್ ನನ್ನ ಹತ್ತಿರ ಹೇಳಿದರು. "ಆದರೆ ನಾನು ಅಂಗಡಿಯ ಅಡಿಯಿಂದ ಹೊರಗೆ ಬಂದವಳೇ ಅಲ್ಲ."

ವಾಪಸು ಬಂದ ರೋಸ್ ಬದಲಾಗಿದ್ದರು ಅಂತ ಹೇಳಲಾರೆ. ಅದೇ ಕಸೂತಿ, ಅದೇ ಮೂಲೆ. ಆದರೆ ಶುಕ್ರವಾರ ನಮ್ಮ ಮನೆಯಲ್ಲಿ ಊಟವಾದ ಮೇಲೆ ಒಂದು ವಿಡಿಯೋ ಕರೆ ಕಡ್ಡಾಯವಾಯಿತು. ನತಾಲ್ ಬಾಯಿಗೆ ಕೇಳಬೇಕಾದ್ದು ಮುಗಿಯುತ್ತಲೇ ಇರಲಿಲ್ಲ. ಅಣ್ಣನಿಗೆ ಮೀಸೆ ಇತ್ತಾ? ಹಾಡುತ್ತಿದ್ದನಾ? ಮೀನಿನಲ್ಲಿ ಯಾವುದು ಇಷ್ಟ? ರೋಸ್ ಹೇಳುತ್ತಾ ಹೇಳುತ್ತಾ ತಾವು ಮರೆತಿದ್ದನ್ನೂ ನೆನಪು ಮಾಡಿಕೊಳ್ಳುತ್ತಿದ್ದರು. ಅಪ್ಪ ಸಕ್ಕರೆ ಪಾಕದ ಹದ ನೋಡುವಾಗ ಬಾಯಲ್ಲಿ ಒಂದು ಶಿಳ್ಳೆ ಹಾಕುತ್ತಿದ್ದರು, ಶಿಳ್ಳೆ ನಿಂತರೆ ಹದ ಬಂತು ಅಂತ ಅರ್ಥ. ಅದನ್ನು ಕೇಳಿದ ದಿನ ಬೇಕರಿಯ ಮನೆಯವರೆಲ್ಲ ಫೋನಿನ ಸುತ್ತ ಕೂಡಿದ್ದರು.

ಒಂದು ದಿನ ನತಾಲ್ ಬಾಯಿ, "ನಾನು ಅಲ್ಲಿಗೆ ಬರಬಹುದಾ?" ಎಂದು ಕೇಳಿದರು. ಹುಟ್ಟಿದ್ದು ದಾರಿಯ ಬದಿಯಲ್ಲಿ, ಆದರೆ ಕುಂಟಲ್‌ಪಾದೆ ಮತ್ತು ಬೇಕರಿಯ ಊರು ಬಿಟ್ಟು ಎಲ್ಲಿಗೂ ಹೋದವರಲ್ಲ. ಮಗಳು ಬೇಡ ಅಂದಳು, ಡಾಕ್ಟರು ಪರವಾಗಿಲ್ಲ ಅಂದರು. ಪಾಸ್‌ಪೋರ್ಟಿಗೆ ಜನ್ಮದಾಖಲೆ ಬೇಕಾದಾಗ ಆ ಕುಂಟಲ್‌ಪಾದೆಯ ಹಾಳೆಯ ನಕಲೂ ಜೊತೆಗೆ ಹೋಯಿತು.

ಕಳೆದ ಚಳಿಗಾಲದಲ್ಲಿ ಬಂದರು. ಇಲ್ಲಿಯ ಚಳಿಗಾಲ ಅಂದರೆ ಹೊರಗೆ ತಿರುಗಾಡಬಹುದು ಅಂತ, ಅಷ್ಟೇ. ನನ್ನ ಕಾರಿನಲ್ಲೇ ಮತ್ರಾಕ್ಕೆ ಕರೆದುಕೊಂಡು ಹೋದೆವು. ಸಮುದ್ರ, ಕೋಟೆ, ದೊಡ್ಡ ಹಡಗು ಯಾವುದನ್ನೂ ಅವರು ಹೆಚ್ಚು ನೋಡಲಿಲ್ಲ. ಸೂಕಿನ ಒಳಗೆ ಹೋದದ್ದೇ ನಡಿಗೆ ನಿಧಾನವಾಯಿತು. ಧೂಪ ಮಾರುವವನು ಕೂಗುವುದನ್ನು ನಿಂತು ಕೇಳಿದರು. ತಳ್ಳುಗಾಡಿಯವನೊಬ್ಬ ಹಿಂದಿಯಲ್ಲಿ ದಾರಿ ಬಿಡಿ ಅಂದರೆ ಅವನ ಗಾಡಿಯಲ್ಲಿ ಏನಿದೆಯೆಂದು ಬಗ್ಗಿ ನೋಡಿದರು. ಒಬ್ಬ ಮುದುಕ ನೆಲದ ಮೇಲೆ ಬಟ್ಟೆ ಹಾಸಿ ಟೋಪಿಗಳನ್ನು ಜೋಡಿಸಿಕೊಂಡಿದ್ದ. ಅವನ ಎದುರು ಬಹಳ ಹೊತ್ತು ನಿಂತರು. ಅವನು ತಲೆಯೆತ್ತಿ ಅರಬಿಯಲ್ಲಿ ಏನೋ ಕೇಳಿದ. ನತಾಲ್ ಬಾಯಿ ಎದೆಯ ಮೇಲೆ ಕೈಯಿಟ್ಟು, "ನತಾಲ್" ಎಂದರು. ಮುದುಕ ತಲೆದೂಗಿದ.

ಅಂಗಡಿಯಲ್ಲಿ ಅದ್ದಾಕ ಕುರ್ಚಿ ಹಾಕಿ, ಸುಲೈಮಾನಿ ಚಹಾ ತರಿಸಿ, "ನಿಮ್ಮ ಸೊಸೆ ನಮ್ಮ ಅಂಗಡಿಯ ಕಣ್ಣು" ಎಂದೆಲ್ಲ ಉಪಚಾರ ಮಾಡಿದರು. ಅಷ್ಟರಲ್ಲಿ ಬಾಂಗ್ ಆಯಿತು. ಅದ್ದಾಕ ನಮಾಜಿಗೆ ಹೋದರು. ರೋಸ್ ಹಿಂಬದಿಯಲ್ಲಿ ನನಗೆ ಹೊಸ ಬಟ್ಟೆ ತೋರಿಸುತ್ತಿದ್ದರು. ಮುಂದೆ ಯಾರೋ ಬಂದ ಸದ್ದಾಯಿತು. ನಾವು ಥಾನುಗಳ ಸಂದಿನಿಂದ ಇಣುಕಿದೆವು.

ಹಡಗಿನಿಂದ ಇಳಿದು ಬಂದ ಒಬ್ಬ ಬಿಳಿಯ ಹೆಂಗಸು ಶಾಲುಗಳನ್ನು ನೋಡುತ್ತಿದ್ದಳು. ನತಾಲ್ ಬಾಯಿ ಎದ್ದು ನಿಂತಿದ್ದರು. ಅವಳಿಗೆ ಕೊಂಕಣಿ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಕೆಂಪು ಶಾಲನ್ನು ಎತ್ತಿ ಅವಳ ಕೆನ್ನೆಯ ಹತ್ತಿರ ಹಿಡಿದು, ಬೇಡ ಎಂದು ತಲೆಯಾಡಿಸಿ ಪಕ್ಕಕ್ಕಿಟ್ಟರು. ನೀಲಿ ತೆಗೆದು ಅವಳ ಹೆಗಲಿಗೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನೋಡಿದರು. ಆ ಹೆಂಗಸು ಕನ್ನಡಿ ನೋಡಿಕೊಂಡಳು, ನತಾಲ್ ಬಾಯಿಯ ಮುಖ ನೋಡಿದಳು, ಪರ್ಸು ತೆಗೆದಳು.

ರೋಸ್ ಮುಂದೆ ಹೋಗಲು ಕಾಲೆತ್ತಿದವರು ಅಲ್ಲೇ ನಿಂತರು. "ಇರಲಿ" ಎಂದು ನನ್ನ ಕೈ ಹಿಡಿದುಕೊಂಡರು. "ಅವರೇ ಮಾರಲಿ."